ಸಹಿ ಕೇಳುವ ರೇವಣಪ್ಪ

ಎಚ್‌ಡಿಎಂಐ ಕೇಬಲ್ಲಿಗೆ ಹಿಂದು ಮುಂದು ಇರುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನಾಶಿಕದ ಅಕ್ಕನ ಮನೆಯಲ್ಲಿ ಹೊಸ ಟಿವಿಗೆ ಹಳೆಯ ಕಂಪ್ಯೂಟರ್ ಜೋಡಿಸಿದಾಗ ಚಿತ್ರ ಬಂತು, ದನಿ ಬರಲಿಲ್ಲ. ಕೇಬಲ್ ಉಲ್ಟಾ ಆಗಿದೆ ಎಂದು ಸಾರಿ, ಬಿಚ್ಚಿ, ಆ ತುದಿ ಈಚೆ, ಈ ತುದಿ ಆಚೆ ಸಿಕ್ಕಿಸಿದೆ. ನಾನು ಎಂಜಿನಿಯರಿಂಗ್ ಓದಿದವನು. ವಾಳೂಜ್ ಎಂಬ ಊರಿನ ಕಾರ್ಖಾನೆಯೊಂದು ನನಗೆ ಸಂಬಳವನ್ನೂ ಕೊಡುತ್ತದೆ.

ಅದು 2012. ಬ್ಯಾಂಕಿನಲ್ಲಿದ್ದ ಭಾವ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಯದನ್ನು ಮುಟ್ಟುವವರಲ್ಲ. ಮರುದಿನ ಅವರ ತಂದೆ-ತಾಯಿ ವಿಜಾಪುರದಿಂದ ಬರುವವರಿದ್ದರು. ಮೊಮ್ಮಗಳಿಗೆ ಕನ್ನಡ ಕಲಿಸಿಲ್ಲ ಎಂಬ ಮಾತನ್ನು ಅಕ್ಕ ವೇದಾವತಿ ಎಂಟು ವರ್ಷದಿಂದ ಅತ್ತೆಯ ಬಾಯಲ್ಲಿ ಕೇಳುತ್ತ ಬಂದಿದ್ದಳು. ಈಗ ಮಗಳು ಪ್ರಾಚಿ ಕನ್ನಡ ಸಂಘದಲ್ಲಿ ಐದು ನಿಮಿಷ ಕನ್ನಡದಲ್ಲೇ ಹಾಡಿದ ವಿಡಿಯೋ ಕೈಯಲ್ಲಿತ್ತು. ಅದನ್ನು ದೊಡ್ಡ ಟಿವಿಯಲ್ಲಿ, ದೊಡ್ಡ ದನಿಯಲ್ಲಿ ಕೇಳಿಸಿಯೇ ತೀರಬೇಕಿತ್ತು.

"ಮಾಮಾ, ಆವಾಜ್ ಕುಠೇ ಆಹೇ?" ಎಂದು ಮರಾಠಿಯಲ್ಲಿ ಕೇಳಿದಳು ಪ್ರಾಚಿ, ಟಿವಿಯಲ್ಲಿ ಬರೀ ಬಾಯಾಡಿಸುತ್ತಿದ್ದ ತನ್ನನ್ನೇ ನೋಡುತ್ತ.

"ದನಿ ಬರ್ತದ, ತಡಿ."

"ಬಿಡೋ ಅವೀ, ಸಾಕು. ರೇವಣಪ್ಪಣ್ಣನ್ನ ಕರೀತೀನಿ," ಎಂದಳು ಅಕ್ಕ.

ನನ್ನ ಹೊಟ್ಟೆ ಉರಿಯತೊಡಗಿದ್ದು ಆಗಲೇ. ರೇವಣಪ್ಪ ಕೆಳಗಿನ ಮನೆಯವರು. ಮುದ್ದೇಬಿಹಾಳದ ಕಡೆಯವರು, ಐಟಿಐ ಮುಗಿಸಿ ಬಂದು ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಟ್ಟರ್. ಅಕ್ಕನ ಮಿಕ್ಸರ್, ಗೀಸರ್, ಭಾವನ ಸ್ಕೂಟರ್ ಎಲ್ಲ ಉಸಿರಾಡುತ್ತಿದ್ದುದು ಅವರ ದಯೆಯಿಂದ. ನಾನು ಐದು ತಾಸು ಬಸ್ಸಿನಲ್ಲಿ ಕುಲುಕಾಡಿ ಬಂದರೆ ಸಿಗುವುದು ಚಹಾ. ಅವರು ಹದಿನೆಂಟು ಮೆಟ್ಟಿಲು ಹತ್ತಿದರೆ ಶೇಂಗಾ ಹೋಳಿಗೆ. ಮೇಲೆ "ಒಡಹುಟ್ಟಿದವರೂ ಇಷ್ಟು ಮಾಡೂದಿಲ್ಲ ನೋಡ್ರಿ" ಎಂಬ ಅಕ್ಕನ ಮಾತು. ಒಡಹುಟ್ಟಿದವನು ಅಲ್ಲೇ ಪಕ್ಕದಲ್ಲಿ ಕೂತಿರುತ್ತಾನೆ.

ರೇವಣಪ್ಪ ಬಂದರು. ಏನನ್ನೂ ಮುಟ್ಟದೆ ಕಿಸೆಯಿಂದ ಪುಟ್ಟ ವಹಿ ತೆಗೆದು, ಈವರೆಗೆ ಏನೇನು ಮಾಡಿದಿರಿ ಎಂದು ಕೇಳಿ ಬರೆದುಕೊಂಡರು. ಕೇಬಲ್ ತಿರುಗಿಸಿದ್ದನ್ನು ನಾನು ಮುಚ್ಚಿಟ್ಟೆ, ಪ್ರಾಚಿ ಹೇಳಿಬಿಟ್ಟಳು. ಅವರು ನಗಲಿಲ್ಲ, ಅದನ್ನೂ ಬರೆದುಕೊಂಡರು. ನಕ್ಕಿದ್ದರೇ ವಾಸಿಯಿತ್ತು.

"ಈ ಎಕ್ಸ್‌ಪಿ ಹುಟ್ಟಿದಾಗ ಇಂಥಾ ಕೇಬಲ್ ಇದ್ದಿಲ್ರಿ. ಇದರಾಗಿಂದ ದನಿ ಕಳಸೂದು ಅದಕ್ಕ ಗೊತ್ತಿಲ್ಲ. ಕಲಿಸಬೇಕು."

ನೆಟ್‌ನಿಂದ ಎರಡು ಡ್ರೈವರ್ ಪ್ರೋಗ್ರಾಮ್ ಇಳಿಸಿದರು. ಒಂದನ್ನು ಹಾಕಿ, ಕಂಪ್ಯೂಟರ್ ಬಂದ್ ಮಾಡಿ, ಚಾಲೂ ಮಾಡಿ, ಆಮೇಲೆ ಇನ್ನೊಂದು. ದನಿ ಎಲ್ಲಿಂದ ಬರಬೇಕು ಎಂಬಲ್ಲಿ ಸ್ಪೀಕರ್ ತೆಗೆದು ಎಚ್‌ಡಿಎಂಐ ಆಯ್ಕೆ ಮಾಡಿದರು. ಪ್ರಾಚಿಯ ಹಾಡು ಟಿವಿಯಿಂದ ಹೊಮ್ಮಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಛಲೋ ಆತು," ಎಂದೆ ನಾನು, ಹರಳೆಣ್ಣೆ ಕುಡಿದ ಮುಖದಲ್ಲಿ.

ಹೋಳಿಗೆ ಬಂತು. ರೇವಣಪ್ಪ ಮುಟ್ಟಲಿಲ್ಲ. "ಇನ್ನೂ ಮುಗಿದಿಲ್ರಿ, ಅಕ್ಕಾರ." ವಹಿಯನ್ನು ನನ್ನತ್ತ ಸರಿಸಿದರು. "ಮಾಡಾಂವ ಒಬ್ಬ, ನೋಡಾಂವ ಇನ್ನೊಬ್ಬ. ತಪಾಸಣಿ ಮಾಡಿ ಸಹಿ ಹಾಕ್ರಿ, ಎಂಜಿನಿಯರ್ ಸಾಹೇಬ್ರ."

ವಿಮಾನದ ಕೆಲಸದಲ್ಲಿ ತಾನು ಮಾಡಿದ್ದನ್ನು ತಾನೇ ಪಾಸು ಮಾಡುವಂತಿಲ್ಲವಂತೆ. ಅವರು ಮನೆಯ ನಲ್ಲಿ ರಿಪೇರಿ ಮಾಡಿದರೂ ಹೆಂಡತಿ ಮಾಳವ್ವ ಬಂದು ತಿರುವಿ ನೋಡಿ ಸಹಿ ಹಾಕಬೇಕಂತೆ.

ನಾನು ಹಗೆಯವನಂತೆ ಕೂತೆ. ಹಾಡು ಬದಲಿಸಿದೆ, ದನಿ ಏರಿಸಿದೆ, ಇಳಿಸಿದೆ. ತಪ್ಪೇ ಸಿಗಲಿಲ್ಲ. ಕೊನೆಗೆ ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದೆ. ಟಿವಿಯಲ್ಲಿ ಪ್ರಾಚಿ ಬಾಯಿ ತೆರೆದಳು. ಸದ್ದಿಲ್ಲ.

ಸಂಬಳ ಹೆಚ್ಚಿದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಅಕ್ಕನ ಮುಖ ಬಾಡಿದ್ದು ಕಂಡ ಮೇಲಷ್ಟೇ ನಾಚಿಕೆಯಾಯಿತು.

"ಬಂದ್ ಮಾಡಿ ಹಚ್ಚಿದ್ರ ದನಿ ಹೋಗ್ತದರಿ," ಎಂದೆ.

"ಹೌದೇನ್ರಿ? ಛಲೋ ಹಿಡಿದ್ರಿ." ಅವರ ಮುಖದಲ್ಲಿ ಬೇಸರದ ಸುಳಿವಿಲ್ಲ. ಹಳೆಯ ಸ್ಪೀಕರಿನ ಪ್ರೋಗ್ರಾಮೊಂದು ಪ್ರತಿ ಸಲ ತಾನೇ ಎದ್ದು ದನಿಯನ್ನು ತನ್ನತ್ತ ಎಳೆದುಕೊಳ್ಳುತ್ತಿತ್ತು. ಅದನ್ನು ಕಿತ್ತುಹಾಕಿ, ನನ್ನ ಕೈಯಿಂದ ಮೂರು ಸಲ ಆರಿಸಿ ಹಚ್ಚಿಸಿದರು. ಮೂರು ಸಲವೂ ಹಾಡು ಬಂತು. ಸಹಿ ಹಾಕಿದೆ.

ಮರುದಿನ ಅಕ್ಕನ ಅತ್ತೆ ಹಾಡು ಕೇಳಿದರು. "ಇನ್ನೊಮ್ಮೆ ಹಚ್ಚು," ಎಂದರಷ್ಟೆ. ಅಕ್ಕ ಆರು ಸಲ ಹಚ್ಚಿದಳು.

ಸಂಜೆ ರೇವಣಪ್ಪನವರೇ ಸ್ಕೂಟರಿನಲ್ಲಿ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟರು. ಇಳಿದವನು ಕೇಳಿಯೇಬಿಟ್ಟೆ: "ಭಾವ ಇದ್ರು, ಅಕ್ಕ ಇದ್ಲು. ನನಗ ನಿಮ್ಮನ್ನ ಕಂಡ್ರ ಹೊಟ್ಟಿಕಿಚ್ಚು ಅಂತ ಗೊತ್ತಿದ್ದೂ ನನ್ನ ಕಡೆನ ಯಾಕ ತಪಾಸಣಿ ಮಾಡಿಸಿದ್ರಿ?"

"ಅದಕ್ಕ ಮಾಡಿಸೀನ್ರಿ. ಅವರಾಗಿದ್ರ ನೋಡದನ ಸಹಿ ಹಾಕತಿದ್ರು."