ಗೇಟಿನ ಪಕ್ಕದ ಕೆಂಪು ಗೆರೆ

ನಮ್ಮ ಮನೆಯ ಗೇಟಿನ ಪಕ್ಕದ ಗೋಡೆಯ ಮೇಲೆ, ನನ್ನ ಸೊಂಟದ ಎತ್ತರಕ್ಕೆ, ಒಂದು ಕೆಂಪು ಗೆರೆ ಇದೆ. ಅದನ್ನು ಬಳಿದವಳು ನಾನೇ. ಅಳಿಸಿ ಎಂದು ಬಡಾವಣೆಯವರು ಮೂರು ಸಲ ಬಂದು ಹೇಳಿದ್ದಾರೆ. ಒಮ್ಮೆ ನಯವಾಗಿ, ಎರಡು ಸಲ ಮುಖ ಗಂಟು ಹಾಕಿಕೊಂಡು. ನಾನು ಇಪ್ಪತ್ತಾರು ವರ್ಷ ಹೊಸದುರ್ಗ, ಚಿತ್ರದುರ್ಗದ ನಡುವೆ ಬಸ್ ಕಂಡಕ್ಟರಾಗಿ ಓಡಾಡಿದವಳು. ಸಂತೆ ದಿನ ಬಾಗಿಲಲ್ಲಿ ನೇತಾಡುವವರನ್ನೆಲ್ಲ ಗದರಿಸಿ ಒಳಗೆ ಸರಿಸಿದವಳಿಗೆ ಗಂಟು ಮುಖಗಳು ಹೊಸದಲ್ಲ.

ಮನೆ ಇರುವುದು ಹೊಳಲ್ಕೆರೆಯ ಹೊರಗೆ, ಒಂದು ಹಳೆಯ ಕೆರೆಯ ಕೆಳಗಿನ ಬಡಾವಣೆಯಲ್ಲಿ. ನಮ್ಮ ಮನೆಯವರು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಚಿಕ್ಕಜಾಜೂರಿನ ಕ್ವಾರ್ಟರ್ಸಿನಲ್ಲೇ ನಮ್ಮ ಅರ್ಧ ಆಯುಸ್ಸು ಕಳೆಯಿತು. ಸ್ವಂತ ಮನೆ ಬೇಕೆಂದು ಸೈಟು ನೋಡಲು ಹೋದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ.

"ಇಲ್ಲಿ ಬೋರಿಗೆ ಎಷ್ಟು ಅಡಿಗೆ ನೀರು ಬೀಳ್ತೈತೆ?"

ನಮ್ಮ ಕಡೆ ಎಲ್ಲರೂ ಕೇಳುವುದು ಇದನ್ನೇ. ನೆಲದ ಕೆಳಗಿನ ನೀರನ್ನು ಸಾವಿರ ಅಡಿಯವರೆಗೂ ವಿಚಾರಿಸುತ್ತೇವೆ. ನೆಲದ ಮೇಲೆ ಬರುವ ನೀರಿನ ಮಾತು ಬಾಯಿಗೇ ಬರುವುದಿಲ್ಲ. ಸೈಟು ತೋರಿಸುತ್ತಿದ್ದವನು, "ಕೆರೆ ಕೆಳಗಿನ ಜಾಗ ಅಕ್ಕ, ನೀರಿಗೆ ನೀವು ಯೋಚ್ನೆನೇ ಮಾಡಂಗಿಲ್ಲ" ಎಂದ. ಅವನು ಸುಳ್ಳು ಹೇಳಲಿಲ್ಲವಲ್ಲ ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ಸೈಟಿನ ಹಿಂಭಾಗ ಸ್ವಲ್ಪ ತಗ್ಗು. ಅಲ್ಲಿ ಬಳ್ಳಾರಿ ಜಾಲಿ ಹಸಿರಾಗಿ ಬೆಳೆದು ನಿಂತಿತ್ತು. ಬೇರೆಲ್ಲ ಒಣಗಿರುವಾಗ ಅಲ್ಲಿ ಮಾತ್ರ ಹಸಿರು ಏಕೆ ಎಂದು ನಾನು ಕೇಳಲಿಲ್ಲ. ಜಾಲಿ ಕಡಿಸಿ, ತಗ್ಗಿಗೆ ಮಣ್ಣು ಹೊಡೆಸಿ, ಅಡ್ಡಲಾಗಿ ಗಟ್ಟಿಯಾದ ಕಾಂಪೌಂಡ್ ಕಟ್ಟಿಸಿದೆವು.

ಮನೆ ಮುಗಿದ ವರ್ಷ ಹಿತ್ತಲಲ್ಲಿ ನಾಲ್ಕು ತೆಂಗಿನ ಸಸಿ ಹಾಕಿದೆ. ಗೊಬ್ಬರ ಬೇಕಿತ್ತು. ನಮ್ಮ ಕಡೆ ಹೊಲಕ್ಕೆ ಕುರಿಮಂದೆ ನಿಲ್ಲಿಸುವ ವಾಡಿಕೆ ಇದೆ. ಒಂದೆರಡು ರಾತ್ರಿ ಮಂದೆ ಮಲಗಿ ಎದ್ದರೆ ಗೊಬ್ಬರ ತಾನಾಗಿಯೇ ಬಿದ್ದಿರುತ್ತದೆ. ಆ ದಾರಿಯಲ್ಲಿ ಪ್ರತಿ ವರ್ಷ ಕುರಿ ಹೊಡೆದುಕೊಂಡು ಬರುವ ಅಜ್ಜ ಒಬ್ಬರಿದ್ದಾರೆ. ಅವರನ್ನು ಕರೆದು, ಹಿತ್ತಲಲ್ಲೂ ಪಕ್ಕದ ಖಾಲಿ ಸೈಟಿನಲ್ಲೂ ಮಂದೆ ನಿಲ್ಲಿಸಿ ಎಂದೆ. ಅಜ್ಜ ಕೋಲೂರಿ ನಿಂತು ಒಂದು ಸುತ್ತು ನೋಡಿದರು.

"ಇಲ್ಲಿ ನಿಲ್ಸಲ್ಲವ್ವ. ಹಳ್ಳದ ಹೊಟ್ಟೇಲಿ ಮಂದೆ ನಿಲ್ಸಬಾರ್ದು."

"ಎಲ್ಲೈತೆ ಅಜ್ಜ ಹಳ್ಳ? ಕಾಗೆ ಕುಡಿಯಾಕೂ ಇಲ್ಲಿ ನೀರಿಲ್ಲ."

"ನೀರಿಲ್ಲ. ಹಳ್ಳ ಐತೆ."

ಮಂದೆ ನಿಲ್ಲಿಸಿದ್ದಕ್ಕೆ ಕೊಡುವ ಕಾಳನ್ನು ಹೆಚ್ಚು ಕೇಳಲು ಹೂಡಿದ ಆಟ ಎಂದುಕೊಂಡು ನಾನು ನಕ್ಕೆ. ಅಜ್ಜ ನಗಲಿಲ್ಲ. ಕುರಿಗಳನ್ನು ಹೊಡೆದುಕೊಂಡು ರಸ್ತೆಯಾಚೆಯ ಕಲ್ಲು ದಿಬ್ಬಕ್ಕೆ ಹೋದರು. ನೆರಳಿಲ್ಲದ, ಮುಳ್ಳು ತುಂಬಿದ ದಿಬ್ಬ. ಬುದ್ಧಿ ನೆಟ್ಟಗಿಲ್ಲ ಎಂದುಕೊಂಡೆ.

ಆಮೇಲೆ ಒಂದು ವರ್ಷ ಮಳೆ ಹಿಡಿದುಕೊಂಡಿತು. ನಾನು ತುಂಬಿದ್ದನ್ನು ಎಂದೂ ನೋಡಿರದ ಆ ಕೆರೆ ತುಂಬಿ ಒಂದು ಬೆಳಿಗ್ಗೆ ಕೋಡಿ ಬಿತ್ತು. ಬಡಾವಣೆಗೆ ಬಡಾವಣೆಯೇ ಏರಿಯ ಮೇಲಿತ್ತು. ಹೆಂಗಸರು ರೇಷ್ಮೆ ಸೀರೆ ಉಟ್ಟು ಬಾಗಿನ ಕೊಡಲು ಹೋದೆವು. ಜೋಡಿ ಮೊರದೊಳಗೆ ಅರಿಶಿನ, ಕುಂಕುಮ, ಬಳೆ, ಬೇಳೆ, ಬೆಲ್ಲ ಇಟ್ಟು ಹಳದಿ ದಾರ ಸುತ್ತಿ ನಾನೂ ನೀರಿಗೆ ಬಿಟ್ಟೆ. ನಾವಿನ್ನೂ ಅಲ್ಲೇ ಇರುವಾಗ ಮೇಲಿನ ಕೆರೆಯ ನೀರೂ ಬಂದು ಸೇರಿ ಕೋಡಿ ದಪ್ಪಗಾಯಿತು. ನಾವು ಚಪ್ಪಾಳೆ ತಟ್ಟಿದೆವು. ಯೋಚಿಸಿ ನೋಡಿ, ನಮ್ಮ ಮನೆಗಳಿಗೇ ಹೊರಟ ನೀರಿಗೆ ನಾವೇ ಚಪ್ಪಾಳೆ ತಟ್ಟಿ ಕಳಿಸಿದೆವು.

ಅರ್ಧ ಗಂಟೆಯಲ್ಲಿ ಫೋನು ಬಂತು. ಮನೆಯಲ್ಲೇ ಉಳಿದಿದ್ದ ನಮ್ಮ ಮನೆಯವರದು. ಅವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

"ಹಿಂದಿನ ಗೋಡೆ ಬಿತ್ತು. ನೀರು ಒಳಗೆ ಬಂದೈತೆ. ಬೇಗ ಬಾ" ಎಂದರು.

ಬಂದು ನೋಡಿದರೆ ಹಳ್ಳ ನಮ್ಮ ಅಡುಗೆಮನೆಯಲ್ಲಿ ಹರಿಯುತ್ತಿತ್ತು. ಕಾಂಪೌಂಡ್ ಅಡ್ಡ ನಿಂತು ಅಷ್ಟು ಹೊತ್ತು ನೀರು ಕಟ್ಟಿ ಹಾಕಿ, ಆಮೇಲೆ ಒಂದೇ ಸಲ ಒಳಗೆ ಬಿಟ್ಟಿತ್ತು. ಅಕ್ಕಿ ಡಬ್ಬ ತೇಲುತ್ತಿತ್ತು, ಫ್ರಿಜ್ಜು ಮಕಾಡೆ ಬಿದ್ದಿತ್ತು. ಅವರು ಕಿಟಕಿ ಸರಳು ಹಿಡಿದುಕೊಂಡು ಮೇಜಿನ ಮೇಲೆ ನಿಂತಿದ್ದರು. ಗೇಟಿನ ಸಂದಿಗೆ ಒಂದು ಜೋಡಿ ಮೊರ ಸಿಕ್ಕಿಕೊಂಡಿತ್ತು. ಹಳದಿ ದಾರದ ಗಂಟು ನನ್ನದೇ. ಅಲ್ಲೇ ನೀರಿನಲ್ಲಿ ನಿಂತು ಅತ್ತೆ.

ನೀರು ಇಳಿದ ಮೇಲೆ ಮೊದಲು ಹೋದದ್ದು ಅಜ್ಜನ ಹತ್ತಿರ. ಆ ವರ್ಷವೂ ಅವರ ಮಂದೆ ತಂಗಿದ್ದ ಆ ಕಲ್ಲು ದಿಬ್ಬದ ಮೇಲೆ ಒಂದು ಕುರಿಯ ಗೊರಸೂ ನೆಂದಿರಲಿಲ್ಲ. ನಾನು ಹೇಳಿದ್ದೆ ಎಂದು ಅವರು ಹಂಗಿಸಲಿಲ್ಲ. ಹಂಗಿಸಿದ್ದರೆ ವಾಸಿಯಿತ್ತು. ಕೋಲು ಹಿಡಿದು ಬಡಾವಣೆಯ ಉದ್ದಕ್ಕೂ ನಡೆದರು, ನಾನು ಹಿಂದೆ ಹಿಂದೆ ನಡೆದೆ. ಪಾರ್ಕಿನ ಬೆಂಚಿನ ಕೆಳಗೆ, ಎರಡು ಮನೆಗಳ ನಡುವೆ, ನಮ್ಮ ಹಿತ್ತಲಲ್ಲಿ, ಮುಂದಿನ ಮೂಲೆ ಸೈಟಿನಲ್ಲಿ ಕೋಲಿನಿಂದ ಗೀರಿದರು.

"ನಮ್ಮಪ್ಪ ತೋರ್ಸಿದ್ದು. ಮೋಡ ಇಲ್ದಿದ್ರೂ ಈ ಗೀರಿನೊಳಗೆ ಕುರಿ ಮಲಗ್ಸಲ್ಲ ನಾವು" ಎಂದರು.

ಮಾರನೆಯ ವಾರ ಸರ್ವೆ ಕಚೇರಿಗೆ ಹೋಗಿ ಹಳೆಯ ಗ್ರಾಮ ನಕ್ಷೆಯ ನಕಲು ಕೇಳಿದೆ. ನಾಳೆ ಬನ್ನಿ ಎಂದರು, ನಾಳೆಯೂ ಹೋದೆ. ನಕ್ಷೆಯಲ್ಲಿ ಜೋಡಿ ಗೆರೆ ಎಳೆದು ಹಳ್ಳ ಎಂದು ಬರೆದೇ ಇತ್ತು. ಅಜ್ಜನ ಕೋಲು ಗೀರಿದ ದಾರಿಯೇ. ಬಡಾವಣೆಯ ಬಣ್ಣದ ನಕ್ಷೆಯಲ್ಲಿ ಮಾತ್ರ ಅದೇ ಜಾಗಕ್ಕೆ ಪಾರ್ಕು, ರಸ್ತೆ, ಸೈಟು. ಕಾಗದದ ಮೇಲೆ ಹಳ್ಳ ಮುಚ್ಚುವುದು ಎಷ್ಟು ಸಲೀಸು. ಓದು ಬರಹ ಬರುವ ನಾನು ಈ ಹಳೆಯ ನಕ್ಷೆಯನ್ನು ಮನೆ ಕಟ್ಟುವ ಮೊದಲು ಕೇಳಲಿಲ್ಲ, ಅದು ನನ್ನ ತಪ್ಪು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಅಷ್ಟರಲ್ಲಿ ಬಡಾವಣೆಯ ಮನೆಗಳೆಲ್ಲ ಹೊಸ ಬಣ್ಣ ಬಳಿದುಕೊಂಡು ಏನೂ ಆಗಿಲ್ಲವೆಂಬಂತೆ ನಿಂತವು. ಹಿರಿಯೂರಿನಲ್ಲಿರುವ ನನ್ನ ತಮ್ಮ ಬಂದು, "ಬಣ್ಣ ಹೊಡ್ಸಿ ಮಾರಿಬಿಡಕ್ಕ. ಬ್ಯಾಸಗೇಲಿ ಯಾರಿಗ್ ಗೊತ್ತಾಗ್ತೈತೆ" ಎಂದ. ನನಗೂ ಸಾಕಾಗಿತ್ತು, ಹೂಂ ಎಂದುಬಿಟ್ಟೆ. ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರು ಮನೆ ನೋಡಲು ಬಂದರು, ಭರಮಸಾಗರದ ಕಡೆಯವರು. ಆ ಹುಡುಗಿ ಏಳೆಂಟು ತಿಂಗಳ ಬಸುರಿ. ಅಡುಗೆಮನೆಯ ಕಟ್ಟೆಯ ಮೇಲೆ ಕೈ ಇಟ್ಟು ಬಹಳ ಇಷ್ಟಪಟ್ಟು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಆಂಟಿ, ಬೋರಲ್ಲಿ ನೀರು ಹೆಂಗೈತ್ರಿ?"

ತಮ್ಮ ನನಗೆ ಕಣ್ಣು ಸನ್ನೆ ಮಾಡಿದ. ನಾನು ಒಂದು ಗಳಿಗೆ ಸುಮ್ಮನಿದ್ದೆ. ಆ ಒಂದು ಗಳಿಗೆಗೆ ಇವತ್ತಿಗೂ ನಾಚಿಕೆಯಿದೆ. ಆಮೇಲೆ ಆ ಹುಡುಗಿಯ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ.

"ಬೋರಲ್ಲಿ ಚೆನ್ನಾಗೈತೆ ಕಣಮ್ಮ. ನೀನು ಕೇಳಬೇಕಾಗಿದ್ದು ಇದನ್ನ" ಎಂದು ಹಳ್ಳದ ದಾರಿಯನ್ನೂ, ನೀರು ಎಲ್ಲಿಯವರೆಗೆ ಬಂದಿತ್ತು ಎನ್ನುವುದನ್ನೂ ತೋರಿಸಿದೆ.

ಅವರು ಕಾಫಿಯನ್ನೂ ಕುಡಿಯದೆ ಹೊರಟರು. ತಮ್ಮ ಆರು ತಿಂಗಳು ಮಾತು ಬಿಟ್ಟ. ಬಿಡಲಿ. ಗೊತ್ತಿಲ್ಲದೆ ನಾನು ಬಿದ್ದ ಗುಂಡಿಗೆ ಗೊತ್ತಿದ್ದೂ ಇನ್ನೊಬ್ಬಳನ್ನು ತಳ್ಳುವಷ್ಟು ನಾನಿನ್ನೂ ಕೆಟ್ಟಿಲ್ಲ.

ಅವತ್ತು ಸಂಜೆ ನಮ್ಮ ಮನೆಯವರು ತಾವಾಗಿಯೇ ಬಾಯಿ ಬಿಟ್ಟರು. "ನಮ್ಮ ರೈಲ್ವೆ ಸೇತುವೆ ಕಂಬಕ್ಕೆಲ್ಲ ಗೆರೆ ಹೊಡ್ದಿರ್ತಾರೆ, ನೀರು ಎಲ್ಲೀ ತನಕ ಬಂದಿತ್ತು ಅಂತ. ಮಳೆಗಾಲದಾಗೆ ದಿನಾ ನೋಡ್ತಿದ್ದೆ. ಮನೆ ಕಟ್ಟಾಗ ನೆನಪಾಗ್ಲಿಲ್ಲ ನೋಡು."

ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಕೆಂಪು ಬಣ್ಣ ತಂದೆ. ಅವರು ಟೇಪು ಹಿಡಿದರು, ನಾನು ಬಳಿದೆ. ಕೆಳಗೆ ದಪ್ಪ ಅಕ್ಷರದಲ್ಲಿ "ಹಳ್ಳದ ನೀರು ಇಲ್ಲಿಯವರೆಗೆ ಬಂದಿತ್ತು" ಎಂದು ಬರೆದೆ. ಹಿಂದಿನ ಕಾಂಪೌಂಡಿನಲ್ಲಿ ಉಳಿದಿದ್ದ ಗೋಡೆಯನ್ನೂ ಕೆಡವಿಸಿ, ತುಂಬಿಸಿದ್ದ ಮಣ್ಣು ತೆಗೆಸಿ, ಹಳ್ಳಕ್ಕೆ ಅದರ ತಗ್ಗನ್ನು ವಾಪಸ್ ಕೊಟ್ಟೆ. ಸ್ವಿಚ್ ಬೋರ್ಡುಗಳನ್ನು ಮೇಲೆ ಹಾಕಿಸಿದೆ. ಅಕ್ಕಿ ಡಬ್ಬ ಈಗ ಅಟ್ಟದ ಮೇಲಿರುತ್ತದೆ.

ಗೆರೆ ಕಂಡ ದಿನದಿಂದ ಬಡಾವಣೆಯವರ ದೂರು ಶುರುವಾಯಿತು. ಮೊನ್ನೆ ಮೂರನೆಯ ಸಲ ಬಂದಾಗ ಅವರ ಸಂಘದ ಹಿರಿಯರು ಮೆತ್ತಗೆ ಕೂತು, "ನೋಡ್ರಿ, ಆ ಗೆರೆ ಇದ್ರೆ ಇಲ್ಲಿ ಯಾರು ಮನೆ ತಗಂತಾರೆ?" ಎಂದರು.

"ತಿಳ್ಕಂಡು ತಗಳ್ಳೋರು ತಗಳ್ಳಿ ಅಂತಾನೇ ಹೊಡ್ದಿರೋದು."

"ನಿಮ್ಮ ಮನೇನೂ ಮಾರಾಟ ಆಗಲ್ಲ."

"ಆಗದು ಬ್ಯಾಡ. ನಾವು ಇಲ್ಲೇ ಇರ್ತೀವಿ."

ಅದು ಬಾಯಿ ಮಾತಿಗೆ ಹೇಳಿದ್ದಲ್ಲ. ಈ ಮನೆಯನ್ನು ಇನ್ನು ಯಾರೂ ಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿದೆ. ಕೋಡಿ ಬಿದ್ದರೆ ಹಳ್ಳ ಮತ್ತೆ ಬರುತ್ತದೆ, ಅದೂ ಗೊತ್ತಿದೆ. ಬರಲಿ, ದಾರಿ ಬಿಟ್ಟಿದ್ದೇನೆ. ಹಿರಿಯರು ಎದ್ದು ಹೋಗುವಾಗ ಒಂದು ದೊಡ್ಡ ಡಬ್ಬಿ ಕೆನೆಬಣ್ಣವನ್ನು ಬಾಗಿಲ ಹತ್ತಿರ ಇಟ್ಟು, ಸಂಘದ ಕಡೆಯಿಂದ, ಗೆರೆ ಮುಚ್ಚಲು ಎಂದು ಹೇಳಿ ಹೋದರು. ಕೊಟ್ಟಿದ್ದನ್ನು ಬೇಡ ಎನ್ನಬಾರದಲ್ಲ. ಗೆರೆಯನ್ನೂ ಅಕ್ಷರಗಳನ್ನೂ ಬಿಟ್ಟು ಗೋಡೆಯ ಉದ್ದಕ್ಕೂ ಬಳಿದೆ. ಮಾಸಲು ಗೋಡೆಯ ಮೇಲೆ ಆ ಬರಹ ಮೊದಲು ಅಷ್ಟಾಗಿ ಕಾಣುತ್ತಿರಲಿಲ್ಲ. ಈಗ ರಸ್ತೆಯ ತಿರುವಿನಿಂದಲೇ ಓದಬಹುದು.