ಪಾಷಾಣ ಕೆರೆಯ ವರಪರೀಕ್ಷೆ

ನಮ್ಮ ಧಾರವಾಡದ ಕಡೆ ಹೆಣ್ಣು ಕೊಡುವವರು ಹುಡುಗನ ಕುಲಗೋತ್ರ ಕೇಳಿದ ಮೇಲೆ ನೆರೆಹೊರೆಯವರನ್ನು ಕೇಳುತ್ತಾರೆ. ಅದಕ್ಕೆಂದೇ ನನಗೆ ನೋಡಿದ್ದ ಹುಡುಗಿಯ ತಂದೆ ಪುಣೆಗೆ ಬಂದಿಳಿದರು. ನಾನಾಗ ಸದಾಶಿವ ಪೇಟೆಯ ಹತ್ತಾರು ಬಿಡಾರಗಳ ವಾಡೆಯೊಂದರಲ್ಲಿ ಒಂದು ಖೋಲಿ ಹಿಡಿದು, ದಂಡಿನ ಕ್ಯಾಂಪಿನ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಬೀಡಿಯಿಲ್ಲ, ಇಸ್ಪೀಟಿಲ್ಲ, ನಾಟಕದ ಹುಚ್ಚೂ ಇಲ್ಲ. ನನ್ನಂಥ ವರ ದೀಪ ಹಚ್ಚಿ ಹುಡುಕಿದರೂ ಸಿಗಲಾರನೆಂದು ನಾನೇ ನಂಬಿದ್ದೆ.

ಹುಡುಗಿಯನ್ನು ಧಾರವಾಡದಲ್ಲಿ ಒಮ್ಮೆ ನೋಡಿದ್ದೆ. ಹಾಡಲು ಹೇಳಿದರೆ ಎರಡು ನುಡಿ ಹಾಡಿ, ಮುಂದಿನದು ಮರೆತುಹೋಯಿತೆಂದು ಎಲ್ಲರೆದುರಿಗೇ ನಕ್ಕುಬಿಟ್ಟಳು. ಹಿರಿಯರು ಮುಖ ಗಂಟಿಕ್ಕಿದರು. ಮದುವೆಯಾದರೆ ಇವಳನ್ನೇ ಎಂದು ನಾನು ಅಲ್ಲೇ ನಿಶ್ಚಯಿಸಿದ್ದೆ.

ವಾಡೆಯವರು ನನ್ನ ವಿಷಯದಲ್ಲಿ ಸುಳ್ಳೇನೂ ಹೇಳಲಿಲ್ಲ. ಪ್ರತಿ ರವಿವಾರ ನಸುಕಿನಲ್ಲೇ ಸೈಕಲ್ ಹತ್ತಿ ಪಾಷಾಣದ ಕೆರೆಗೆ ಹಕ್ಕಿಗಳಿಗಾಗಿ ಹೋಗುತ್ತಾನೆ, ಹೆಗಲಿಗೆ ಚರ್ಮದ ಚೀಲ, ಬರುವಾಗ ಮೊಣಕಾಲತನಕ ಕೆಸರು ಎಂದರು. ಚೀಲದಲ್ಲಿದ್ದದ್ದು ಯಾವನೋ ಫೌಜಿನ ಸಾಹೇಬ ಮಾರಿಹೋದ ದುರ್ಬೀನು ಎಂದು ಅವರಿಗೇನು ಗೊತ್ತು? ಮನೆಯೊಡೆಯನ ತಾಯಿಯಂತೂ, ಎಲ್ಲಿ ಬೇಯಿಸಿ ತಿನ್ನುತ್ತಾನೋ ಕಾಣೆ, ವಾಡೆಯೊಳಗೆ ಮಾತ್ರ ಇದುವರೆಗೆ ತಂದಿಲ್ಲ ಎಂದು ನನ್ನ ಪರವಾಗಿಯೇ ಸಾಕ್ಷಿ ನುಡಿದರಂತೆ.

ಹುಡುಗಿಯ ತಂದೆ ಕಣ್ಣಾರೆ ನೋಡುತ್ತೇನೆಂದು ಹಟ ಹಿಡಿದರು. ರವಿವಾರ ಟಾಂಗಾದಲ್ಲಿ ಇಬ್ಬರೂ ಹೋದೆವು. ಅವರು ಮೊದಲು ನೀರಿಗಿಳಿದು ಸಂಧ್ಯಾವಂದನೆಗೆ ನಿಂತರು. ಅರ್ಘ್ಯದ ಮೊದಲ ಬೊಗಸೆಗೇ ಹಕ್ಕಿಗಳೆಲ್ಲ ಎದ್ದು ಆಚೆ ದಂಡೆಗೆ ಹಾರಿದವು. ಅವು ತಿರುಗಿ ಬರುವತನಕ ಒಂದು ತಾಸು ಅಲುಗಾಡದೆ ಕೂತೆವು. ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅವರ ಜನ್ಮದಲ್ಲೇ ಮೊದಲಿರಬೇಕು.

ಕೊನೆಗೂ ಬಂದವು. ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿಗಳನ್ನು ತೋರಿಸಿದೆ. ಹಿಂಭಾಗ ಕುಣಿಸುತ್ತ ಕೆಸರಿಗೆ ಕೊಕ್ಕು ಚುಚ್ಚುತ್ತಿದ್ದ ಪುಟ್ಟ ಗೊರವ ಹಕ್ಕಿಯನ್ನು ತೋರಿಸಿ, ಇದು ಹಿಮಾಲಯದಾಚೆಯಿಂದ ಬಂದದ್ದು ಎಂದು ನಾನೇ ಕರೆತಂದವನ ಹಾಗೆ ಹೇಳಿಕೊಂಡೆ. ಅವರು ದುರ್ಬೀನಿನ ಚರ್ಮದ ಪಟ್ಟಿ ಮೈಗೆ ತಾಗದಂತೆ ಅದನ್ನು ಉತ್ತರೀಯದಲ್ಲಿ ಹಿಡಿದು ನೋಡಿದರು. ಅಷ್ಟು ದೂರದಿಂದ ಬಂದು ಕೆಸರು ಕೆದರುತ್ತವೆಯೇ ಎಂದು ಕೇಳಿದರು. ಆಮೇಲೆ ನನ್ನ ಚೀಲ ಬಿಚ್ಚಿಸಿದರು. ಒಗ್ಗರಣೆ ಅವಲಕ್ಕಿಯ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ.

"ಹೊಡಿಯೂದಿಲ್ಲ?"

"ಇಲ್ರಿ."

"ಹಿಡಿಯೂದೂ ಇಲ್ಲ? ಮತ್ತ ಏನ್ ಮಾಡ್ತೀರಿ?"

"ನೋಡ್ತೀನ್ರಿ."

ಅವರು ದುರ್ಬೀನು ತಿರುಗಿ ಕೊಟ್ಟು ಟಾಂಗಾ ಹತ್ತಿದರು. ಕಳಂಕ ತೊಳೆದುಹೋಯಿತೆಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂಡಿಗೆ ತಿಂದೆ.

ಹದಿನೈದು ದಿನಕ್ಕೆ ನನ್ನ ಸೋದರಮಾವನ ಪತ್ರ ಬಂತು. ಹುಡುಗಿಯ ಕಡೆಯವರು ಸಂಬಂಧ ಬೇಡವೆಂದಿದ್ದರು. ಹುಡುಗಿಯ ತಂದೆ ಆಡಿದ ಮಾತನ್ನು ಮಾವ ಹಾಗೇ ಬರೆದಿದ್ದ: "ತಿನ್ನಾಂವ ಆಗಿದ್ರ ಪ್ರಾಯಶ್ಚಿತ್ತ ಮಾಡಿಸಿ ಬಿಡಸಬಹುದಿತ್ತು. ಸುಮ್ಮನ ನೋಡ್ಕೋತ ಕೂಡಾಂವಗ ಯಾವ ಪ್ರಾಯಶ್ಚಿತ್ತ ಅದ?"

ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಇನ್ನು ಆ ಕೆರೆಯ ಕಡೆ ತಲೆಹಾಕಿಯೂ ಮಲಗಬಾರದೆಂದು ಶಪಥ ಮಾಡಿದೆ. ಮುಂದಿನ ರವಿವಾರ ಹತ್ತು ಗಂಟೆಗೆ, ಮೊಣಕಾಲತನಕ ಕೆಸರು ಮಾಡಿಕೊಂಡು ಪಾಷಾಣದಿಂದ ತಿರುಗಿ ಬರುವಾಗ, ಆ ಮನುಷ್ಯ ನನ್ನನ್ನು ಸರಿಯಾಗಿಯೇ ಪರೀಕ್ಷಿಸಿದ್ದನೆಂದು ತಿಳಿದು ಬಹಳ ದುಃಖವಾಯಿತು.