ಗೋಡೆಗೆ ಅಂಟಿಸಿದ ಹತ್ತು ಸಾಲು

ಇಚಲಕರಂಜಿಯಲ್ಲಿ ಮಗ್ಗದ ಬಟ್ಟೆಯನ್ನು ಕ್ಯಾಮೆರಾದಿಂದ ಪರೀಕ್ಷಿಸುವ ಸಣ್ಣ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಎಳೆ ಎಲ್ಲಿ ಹರಿದಿದೆ ಎಂದು ಕಂಪ್ಯೂಟರ್ ಹೇಳಬೇಕು. ಅದಕ್ಕೆ ಬೇಕಾದ ಲೈಬ್ರರಿ, ಅಂದರೆ ಯಾರೋ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟ ಪ್ರೋಗ್ರಾಂ, ಇಂಟರ್‌ನೆಟ್ಟಿನಲ್ಲೇ ಇದೆ. ನಮ್ಮ ಹಿರಿಯ ಇಂಜಿನಿಯರ್ ಮಾತ್ರ ಅದನ್ನು ತನ್ನ ಅಜ್ಜನ ಆಸ್ತಿಯಂತೆ ಕಾಯುತ್ತಿದ್ದ. ಯಾರ ಕಂಪ್ಯೂಟರಿಗೆ ಹಾಕುವುದಿದ್ದರೂ ಅವನೇ ಬರಬೇಕು. ಬಂದವನು ಸ್ಕ್ರೀನನ್ನು ತನ್ನ ಕಡೆ ತಿರುಗಿಸಿಕೊಂಡೇ ಟೈಪ್ ಮಾಡುತ್ತಿದ್ದ.

ಅವನು ರಜೆಯಲ್ಲಿದ್ದ ದಿನ ಆ ಲೈಬ್ರರಿಯ ಹೊಸ ಆವೃತ್ತಿಯನ್ನು ನಾನೇ ಹಾಕಿದೆ, ಹಳೆಯದರ ಮೇಲೆಯೇ. ನೇಸರಿ ಎಂಬ ಹಳ್ಳಿಯಿಂದ ಬಂದು ಇಲ್ಲಿ ನೆಲೆಸಿದ ನನ್ನ ಅಪ್ಪ ಮಗ್ಗಗಳಲ್ಲಿ ಎಳೆ ಜೋಡಿಸುವವನು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲು ಮುಗಿದರೆ ಹಳೆಯ ಎಳೆ ಕೀಳುವುದಿಲ್ಲ. ಒಂದೊಂದರ ತುದಿಗೂ ಹೊಸ ಎಳೆ ಗಂಟು ಹಾಕಿ, ಹಳೆಯದರಿಂದಲೇ ಹೊಸದನ್ನು ಒಳಗೆ ಎಳೆಸುತ್ತಾರೆ. ನನಗೆ ಹುಟ್ಟಿನಿಂದ ಬಂದ ಬುದ್ಧಿ ಇದು. ಆದರೆ ಕಂಪ್ಯೂಟರಿನಲ್ಲಿ ಎರಡು ಆವೃತ್ತಿಗಳು ಜಗಳಕ್ಕೆ ಬಿದ್ದು, ಮರುದಿನ ಕೊಲ್ಹಾಪುರದ ಗಿರಾಕಿಗಳ ಮುಂದೆ ಎಲ್ಲ ನಿಂತುಹೋಯಿತು.

“ಇಕಿ ಅಪ್ಪ ಮಗ್ಗಕ್ಕ ಗಂಟ ಹಾಕ್ತಾನ, ಮಗಳು ಕಂಪ್ಯೂಟರಿಗೆ ಹಾಕ್ಯಾಳ,” ಎಂದ ಹಿರಿಯ. “ಗಂಟ ಹಾಕೂ ಮಂದಿಗೆ ಇನ್ನೇನ ಬರತೈತಿ?”

ಎಲ್ಲರೂ ನಕ್ಕರು. ನನ್ನನ್ನಷ್ಟೇ ಬೈದಿದ್ದರೆ ನುಂಗಿಕೊಳ್ಳುತ್ತಿದ್ದೆ, ತಪ್ಪು ನನ್ನದೇ. ಅಪ್ಪನನ್ನು ಯಾಕೆ ಎಳೆದು ತಂದ? ಹಾವಿನ ದ್ವೇಷ ಹನ್ನೆರಡು ವರುಷ ಅಂತಾರೆ. ನನಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಲೈಬ್ರರಿ ಬರೆದವರು ಅದನ್ನು ಹಾಕುವ ಕ್ರಮವನ್ನೂ ಬರೆದಿಟ್ಟಿದ್ದರು. ಇಂಗ್ಲಿಷಿನಲ್ಲಿತ್ತು, ನಮ್ಮಲ್ಲಿ ಯಾರೂ ಓದಿರಲಿಲ್ಲ. ಗಡಹಿಂಗ್ಲಜದ ಅಕ್ಕನ ಮನೆಗೆ ಹೋಗಿ, ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡು ದಿನ ಹಾಕಿದೆ, ಕೆಡಿಸಿದೆ, ಮತ್ತೆ ಹಾಕಿದೆ. “ಇಷ್ಟ ಸಿಟ್ಟಿಲೆ ರೊಟ್ಟಿ ಬಡದಿದ್ರ ಓಣಿಗೆಲ್ಲಾ ಆಗತಿದ್ದು ನೋಡ,” ಎಂದಳು ಅಕ್ಕ. ಕೊನೆಗೆ ಹತ್ತು ಸಾಲಿನ ಒಂದು ಹಾಳೆ ತಯಾರಾಯಿತು, ಮೇಲೆ ಮರಾಠಿ, ಕೆಳಗೆ ಕನ್ನಡ. ಮೊದಲ ಸಾಲು: ಹಳೆಯದನ್ನು ತೆಗೆಯಿರಿ. ಲ್ಯಾಪ್‌ಟಾಪ್ ಸಮೇತ ಅದನ್ನು ಮನೆಗೆ ಒಯ್ದು ಒಮ್ಮೆ ಪರೀಕ್ಷೆ ಮಾಡಿ, ಆಫೀಸಿನ ನೀರಿನ ಫಿಲ್ಟರ್ ಪಕ್ಕದ ಗೋಡೆಗೆ ಅಂಟಿಸಿದೆ.

ವಾರದೊಳಗೆ ಎಲ್ಲರೂ ತಾವೇ ಹಾಕಿಕೊಂಡರು. ಹಿರಿಯನ ಟೇಬಲ್ಲಿನ ಹತ್ತಿರ ಯಾರೂ ಸುಳಿಯಲಿಲ್ಲ. ‘ಸರ್, ಒಂದೀಟ ಬರ್ರಿ’ ಎಂಬ ಮಾತು ಕೇಳದೆ ಅವನು ಸೊರಗುವುದನ್ನು ದಿನವೂ ಕಣ್ತುಂಬ ನೋಡಿದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮಳೆಗಾಲದಲ್ಲಿ ಅವನ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಹೊಸ ಆವೃತ್ತಿ ಹಾಕುವ ಕ್ರಮ ಹಳೆಯದರಂತಿರಲಿಲ್ಲ. ಅವನ ಬಾಯಿಪಾಠ ನಡೆಯಲಿಲ್ಲ. ಎಲ್ಲರೂ ಊಟಕ್ಕೆ ಹೋದದ್ದು ನೋಡಿಕೊಂಡು ಬಂದು, ಗೋಡೆಯ ಹಾಳೆಯ ಫೋಟೊ ತೆಗೆಯುತ್ತಿದ್ದ. ಮೂಲೆಯಲ್ಲಿ ಡಬ್ಬಿ ಬಿಚ್ಚಿ ಕೂತಿದ್ದ ನನ್ನನ್ನು ಕಂಡು ಅವನ ಮುಖ ಸಣ್ಣಗಾಯಿತು.

“ನಿಮ್ಮ ತಂದೆಯವರು ಆರಾಮ ಅದಾರಲ್ರಿ?” ಎಂದ.

ಅಪ್ಪನಿಗೆ ಅವನ ಬಾಯಲ್ಲಿ ಮೊದಲ ಸಲ ಮರ್ಯಾದೆ ಸಿಕ್ಕಿತು. ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ, ಇದ್ದದ್ದನ್ನೇ ಹೇಳಿದೆ.

“ಆರಾಮ ಅದಾರ್ರಿ. ಈ ಹಾಳಿ ನೋಡಕೋತ ಎಲ್ಲಾರಕಿಂತ ಮೊದಲ ಹಾಕಿದವ್ರು ಅವರಽ ರೀ. ಅರ್ಧಾ ತಾಸ ಹಿಡೀತು. ನೀವೂ ಸಾವಕಾಶ ಮಾಡ್ರಿ.”